ಕಥೆಯಂಗಡಿಯ ಹೆಪ್ಪು

ಆ ಊರಿನಲ್ಲಿ ಕಥೆಗೂ ಹೆಪ್ಪು ಹಾಕಬೇಕಿತ್ತು.

ಹಾಲು ಎಷ್ಟು ಗಟ್ಟಿಯಿದ್ದರೂ ಹೆಪ್ಪಿಲ್ಲದೆ ಮೊಸರಾಗುವುದುಂಟೇ? ಹಾಗೆಯೇ ಇದೂ. ಕಥೆ ಹೇಳುವವನು ಹಿಂದಿನ ದಿನ ಸಂಜೆ ಮಣ್ಣಿನ ಗಡಿಗೆಯ ಬಾಯಿಗೆ ಬಾಯಿಟ್ಟು ನಾಳೆಯ ಕಥೆಯನ್ನೆಲ್ಲ ಅದರೊಳಗೆ ಪಿಸುಗುಟ್ಟುತ್ತಿದ್ದ. ಮಾತಾಡುವ ಹದ್ದು, ನಡೆಯುವ ಬಾವಿ, ನೆರಳನ್ನು ಅಡವಿಟ್ಟ ರಾಣಿ, ಸುಳ್ಳು ಎಷ್ಟಾದರೂ ಸುರಿಯಬಹುದಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಕೊನೆಗೆ ಒಂದು ಚಿಟಿಕೆ ನಿಜ ಬೀಳಬೇಕು. ಯಾರದಾದರೂ ಬದುಕಿನಲ್ಲಿ ನಿಜವಾಗಿ ಇದ್ದದ್ದು: ಒಂದು ಹೆದರಿಕೆ, ಒಂದು ರುಚಿ, ಸತ್ತ ತಂದೆಯ ಕೆಮ್ಮು. ಆಮೇಲೆ ಬಟ್ಟೆ ಕಟ್ಟಿ, ಅಲುಗದ ಹಾಗೆ ಮೂಲೆಯಲ್ಲಿಟ್ಟರೆ ಬೆಳಗಿನ ಹೊತ್ತಿಗೆ ಕಥೆ ಗಟ್ಟಿಯಾಗುತ್ತಿತ್ತು. ಹೆಪ್ಪು ಬೀಳದ ಕಥೆ ಕೇಳಿದವರು ಮನೆ ಮುಟ್ಟುವಷ್ಟರಲ್ಲಿ ಅದು ಕಿವಿಯಿಂದ ಸೋರಿ ಹೆಗಲ ಮೇಲಿನ ಬಟ್ಟೆ ಒದ್ದೆಯಾಗುತ್ತಿತ್ತು. ಒದ್ದೆ ಹೆಗಲಿನವರು ಮತ್ತೆ ಆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ.

ಬೆಲೆಯೂ ಇತ್ತು. ಬೆಲೆಯಿಲ್ಲದ ಸರಕು ಎಲ್ಲಿದೆ? ಜನರ ಮುಂದೆ ಕಥೆ ಹೇಳಿ ಮುಗಿಸಿದ ಗಳಿಗೆಯಲ್ಲಿ, ಹೆಪ್ಪಾಗಿ ಬಿದ್ದದ್ದು ತನ್ನ ಒಡೆಯರನ್ನು ಬಿಟ್ಟು ಕೇಳಿದವರ ಪಾಲಾಗುತ್ತಿತ್ತು. ಒಡೆಯರ ಎದೆಯಲ್ಲಿ ಒಂದು ಖಾಲಿ ಗೂಡು ಉಳಿಯುತ್ತಿತ್ತು. ಅಲ್ಲಿ ಏನಿತ್ತೆಂಬುದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಅದೇ ಕಥೆಯನ್ನು ಅವರಿಗೆ ಎಷ್ಟು ಸಲ ಹೇಳಿದರೂ ಅವರ ಕಿವಿಯಲ್ಲಿ ಅದು ನಿಲ್ಲುತ್ತಿರಲಿಲ್ಲ. ಕಥೆಗೆ ಕೊಟ್ಟದ್ದು ಮನೆಗೆ ಬಾರದು ಎಂದು ಆ ಊರಿನಲ್ಲಿ ಗಾದೆಯೇ ಇತ್ತು.

ಅದಕ್ಕೇ ಪ್ರತಿ ಕಥೆಯಂಗಡಿಯ ಮುಂದೆ ಒಂದು ಕರಿಕಲ್ಲು. ಹೇಳುವವನು ಮೊದಲು ಕಲ್ಲಿನ ಮೇಲೆ ಅಂಗೈಯಿಟ್ಟು "ಹೆಪ್ಪು ನನ್ನದು" ಅನ್ನಬೇಕು. ಕೂತವರು "ನಿನ್ನದಾದರೆ ಹೇಳು" ಅನ್ನಬೇಕು. ಅಷ್ಟಾದ ಮೇಲೇ ಗಡಿಗೆಯ ಬಟ್ಟೆ ಬಿಚ್ಚುವುದು. ಸುಳ್ಳಾಡಿದವನ ಕೈ ಕಲ್ಲಿಗೆ ಅಂಟಿಕೊಳ್ಳುತ್ತಿತ್ತೇ ಎಂದು ಹೊರಗಿನವರು ಕೇಳುವುದುಂಟು. ಇಲ್ಲ. ಕಲ್ಲು ಕಲ್ಲೇ.

ಆ ಪೇಟೆಯಲ್ಲಿ ಹೆಸರು ಮಾಡಿದ ಕಥೆಯಂಗಡಿಯವನು ಮೊದಲು ಎಣ್ಣೆ ಮಾರುತ್ತಿದ್ದವನು. ಕಥೆಯೂ ಎಣ್ಣೆಯ ಹಾಗೇ, ಅಳೆದು ಸುರಿಯುವುದು ಗೊತ್ತಿದ್ದರೆ ಚೆಲ್ಲುವುದಿಲ್ಲ ಎಂದು ಲೆಕ್ಕ ಹಾಕಿ ಈ ದಂಧೆಗೆ ಬಂದಿದ್ದ. ಅವನ ಲೆಕ್ಕ ತಪ್ಪಿರಲಿಲ್ಲ. ಆದರೆ ಸುರಿದಷ್ಟೂ ಡಬ್ಬಿ ಖಾಲಿಯಾಗುವುದು ಎಣ್ಣೆಯ ಧರ್ಮವಷ್ಟೇ ಅಲ್ಲ. ಮೊದಲು ತನ್ನ ಬಾಲ್ಯವನ್ನು ಹೆಪ್ಪಿಗೆ ಹಾಕಿದ, ಆಮೇಲೆ ಯೌವನದ ಜಗಳಗಳನ್ನು, ಆಮೇಲೆ ಮದುವೆಯ ದಿನದ ಬೆವರನ್ನು. ಒಂದು ಸಂಜೆ ಗಡಿಗೆಯ ಮುಂದೆ ಕೂತು ತನ್ನೊಳಗೆ ಕೈಯಾಡಿಸಿದರೆ ಬರೀ ಖಾಲಿ ಗೂಡುಗಳು. ಮಾರನೆಯ ದಿನವೇ ವರ್ಷದ ದೊಡ್ಡ ಸಂತೆ. ಹಿಂದಿನ ಸಂತೆಯಲ್ಲಿ ಅವನ ಕಥೆ ನೀರಾಗಿತ್ತು. ಜನ ಕಿವಿ ಹಿಂಡಿಕೊಳ್ಳುತ್ತ ಎದ್ದು ಹೋಗಿದ್ದರು. ಇನ್ನೊಂದು ಸಲ ಹಾಗಾದರೆ ಅಂಗಡಿಯ ಬಾಗಿಲು ಮುಚ್ಚಿದ ಹಾಗೆಯೇ.

ಆ ಸಂಜೆ ಹೆಂಡತಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕೇರುತ್ತ ಕೇರುತ್ತ, ಯಾರೂ ಕೇಳದಿದ್ದರೂ, ಹೇಳಿದಳು.

"ನಮ್ಮವ್ವ ಸಂಜೆ ಹುಲ್ಲಿನ ಹೊರೆ ಹೊತ್ಕೊಂಡು ಬರೋಳು. ಮುಖ ಕಾಣ್ತಾನೇ ಇರ್ಲಿಲ್ಲ, ಹೊರೆಗೇ ಕಾಲು ಬಂದಂಗೆ. ಬಾಗ್ಲಲ್ಲಿ ಮಂಡಿ ಬಗ್ಗಿಸಿ ನಿಂತ್ಕೊಳ್ಳೋಳು. ನಾನು ಓಡಿಹೋಗಿ ಒಂದು ಎಸಳು ಎಳೀಬೇಕು. ಎಳೆದ್ಮೇಲೇ ಹೊರೆ ಇಳಿಸೋದು. ನೀನು ಎಳೆದ ಎಸಳೇ ಕಣೇ ಭಾರ ಇದ್ದದ್ದು, ಮಿಕ್ಕಿದ್ದೆಲ್ಲ ಹಗುರ ಅನ್ನೋಳು."

ಹೇಳಿ ನಕ್ಕಳು. ಮೊರ ತಟ್ಟಿ ಒಳಗೆ ಹೋದಳು.

ಅವನು ವ್ಯಾಪಾರಿ. ಒಳ್ಳೆಯ ಸರಕು ಕಣ್ಣಿಗೆ ಬಿದ್ದರೆ ಬೆರಳು ತಾನಾಗಿ ಚುರುಗುಟ್ಟುತ್ತದೆ. ಮನೆ ನನ್ನದು, ಮನೆಯೊಳಗೆ ಆಡಿದ ಮಾತೂ ನನ್ನದಲ್ಲವೇ ಎಂದು ಗಡಿಗೆಗೆ ಹೇಳಿದ. ಗಡಿಗೆ ಏನೂ ಅನ್ನಲಿಲ್ಲ. ಒಂದೇ ಒಂದು ಎಸಳು, ಅಷ್ಟೇ, ಅವಳಿಗೆ ಗೊತ್ತೂ ಆಗುವುದಿಲ್ಲ ಎಂದು ಪಿಸುಗುಟ್ಟಿ ಬಟ್ಟೆ ಕಟ್ಟಿದ. ಬೆಳಿಗ್ಗೆ ಕಲ್ಲಿನ ಮೇಲೆ ಅಂಗೈಯಿಟ್ಟು "ಹೆಪ್ಪು ನನ್ನದು" ಅಂದ. "ನಿನ್ನದಾದರೆ ಹೇಳು" ಅಂದರು ಜನ.

ಹೇಳಿದ. ಕಥೆಯಲ್ಲಿ ಬೆಟ್ಟ ಹೊತ್ತು ನಡೆಯುವ ಒಬ್ಬ ರಾಕ್ಷಸಿಯಿದ್ದಳು, ಅವಳಿಗೊಂದು ಪುಟ್ಟ ಮಗಳಿದ್ದಳು. ಬೆಟ್ಟದಿಂದ ಮಗಳು ಒಂದು ಎಸಳು ಎಳೆದಾಗ ಸಂತೆಗೆ ಸಂತೆಯೇ ಉಸಿರು ಬಿಟ್ಟಿತು. ಜನ ತಂತಮ್ಮ ತಾಯಂದಿರನ್ನು ನೋಡಲು ಅರ್ಧ ವ್ಯಾಪಾರ ಬಿಟ್ಟು ಮನೆಗೆ ಓಡಿದರು. ಅಂಥ ಬೋಣಿ ಆ ಪೇಟೆ ಕಂಡಿರಲಿಲ್ಲ.

ಅಂದು ಮನೆಗೆ ಬಂದವನು ಕೈಕಾಲು ತೊಳೆಯುತ್ತ, ಸುಮ್ಮನೆ ಕೇಳುವವನ ಹಾಗೆ, ನಿಮ್ಮವ್ವ ಈ ಸಲ ಯಾವಾಗ ಬರ್ತಾರೆ ಎಂದು ಕೇಳಿದ. ಹೆಂಡತಿ ಪಾತ್ರೆಯ ತಳ ಕೆರೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರ ಅವ್ವ?" ಅಂದಳು.

ಎಸಳು ಎಳೆದರೆ ಹೊರೆಯೇ ಕಿತ್ತು ಬಂದಿತ್ತು.

ಅವನು ಅವತ್ತೇ ಅವಳ ಪಕ್ಕದಲ್ಲಿ ಕೂತು ಅದೇ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಚೆನ್ನಾಗಿದೆ ಅಂದಳು. ಅವಳ ರವಿಕೆಯ ತೋಳು ಒದ್ದೆಯಾಯಿತು. ಬೆವರೆಂದುಕೊಂಡು ಸೆರಗಿನಿಂದ ಒರೆಸಿಕೊಂಡಳು. ಅಂದಿನಿಂದ ಅವನ ಎದೆಯ ನಡುವೆ, ಅನ್ನ ಇಳಿಯುವ ಜಾಗದಲ್ಲಿ, ಒಂದು ಗಂಟು ಕೂತಿತು. ಹೆಂಡತಿ ಸಂಜೆ ಹೊತ್ತು ಕಾರಣವಿಲ್ಲದೆ ಬಾಗಿಲ ಬಳಿ ಹೋಗಿ ನಿಲ್ಲುವಳು, ಯಾಕೆ ನಿಂತೆನೆಂದು ತಿಳಿಯದೆ ಒಳಗೆ ಬರುವಳು. ಆಗೆಲ್ಲ ಆ ಗಂಟು ಒಂದು ಸುತ್ತು ಬಿಗಿಯುತ್ತಿತ್ತು.

ಅದೊಂದೇ ಕಥೆಯನ್ನು ಮತ್ತೆ ಮತ್ತೆ ಕೇಳಲು ಬಂದವರಿಂದ ಅಂಗಡಿ ಮಾತ್ರ ತುಂಬಿ ತುಳುಕುತ್ತಿತ್ತು. ಇಂಥ ಹೊತ್ತಿನಲ್ಲೇ ಉಪ್ಪಿನವಳು ಬಂದಳು. ಕಡಲಂಚಿನ ಉಪ್ಪಿನ ಆಗರದಲ್ಲಿ ಉಪ್ಪು ಕೆರೆದು ತಂದು ಪೇಟೆಯಲ್ಲಿ ಮಾರುವವಳು. ಯಾವಾಗಲೂ ಜನರ ಹಿಂದೆ, ಬುಟ್ಟಿಯನ್ನು ತಲೆಯಿಂದ ಇಳಿಸದೆ ನಿಂತು ಕಥೆ ಕೇಳುವವಳು. ಆ ಅವ್ವನ ಕಥೆ ಕೇಳಿದಾಗಿನಿಂದ ತನಗೂ ಹೇಳುವ ಆಸೆಯಾಗಿದೆ, ಕಲಿಸಿಕೊಡಿ ಅಂದಳು. ಪಕ್ಕದಲ್ಲಿ ಇನ್ನೊಂದು ಅಂಗಡಿ ಎದ್ದರೆ ನಿಮ್ಮ ಹೊಟ್ಟೆಗೆ ಹೊಡೆದ ಹಾಗಾಗುವುದಿಲ್ಲವೇ ಎಂದೂ ಅವಳೇ ಕೇಳಿದಳು. ಅವನು ನಕ್ಕ. ಒಂಟಿ ಅಂಗಡಿಗೆ ಯಾರೂ ಬರುವುದಿಲ್ಲ, ಸಾಲು ಅಂಗಡಿಗೆ ಊರೇ ಬರುತ್ತದೆ, ಬಟ್ಟೆ ಪೇಟೆ ನೋಡಿಲ್ಲವೇ ಅಂದ.

ಕಲಿಸಿದ. ಕಲಿಸುವಾಗ ಎದೆಯ ಗಂಟು ಸ್ವಲ್ಪ ಸಡಿಲವಾದ ಹಾಗಿರುತ್ತಿತ್ತು. ಅದಕ್ಕೇ ಇದ್ದುದೆಲ್ಲವನ್ನೂ ಬಿಚ್ಚಿ ಹೇಳಿದ. ಎಣ್ಣೆ ಗಡಿಗೆಯ ಮುಚ್ಚಳ ತೆಗೆದ ತಕ್ಷಣ ವಾಸನೆ ಮೂಗಿಗೆ ಬಡಿಯಬೇಕು, ಅರ್ಧ ಗಡಿಗೆ ಸುರಿದ ಮೇಲಲ್ಲ. ಮೊದಲ ಮಾತೂ ಹಾಗಿರಲಿ ಅಂದ. ಇವತ್ತು ಇಲ್ಲಿ ನಾಳೆ ಅಲ್ಲಿ ಕೂರಬೇಡ, ಒಂದೇ ಮೂಲೆ, ಒಂದೇ ಹೊತ್ತು. ಗಿರಾಕಿಯ ಮನಸ್ಸಿಗಿಂತ ಮೊದಲು ಗಿರಾಕಿಯ ಕಾಲು ಪಳಗಬೇಕು ಅಂದ. ಮುಂದೆ ಕೂತು ತಲೆದೂಗುವವರನ್ನು ನಂಬಬೇಡ, ಅವರು ಎಲ್ಲದಕ್ಕೂ ದೂಗುತ್ತಾರೆ. ಹಿಂದೆ ಹೊರೆ ಹೊತ್ತು ನಿಂತವರಿಗೆ ಹೇಳು, ಅವರು ಹೊರೆ ಇಳಿಸಿದರೆ ಕಥೆ ಗೆದ್ದಂತೆ. ನಾನು ಇಷ್ಟು ದಿನ ಹೇಳಿದ್ದು ನಿನ್ನ ಬುಟ್ಟಿಗೇ ಅಂದ. ಅವಳಿಗೆ ನಾಚಿಕೆಯಾಯಿತು.

ಮಧ್ಯದಲ್ಲಿ ಎದ್ದು ಹೋದವರ ಮೇಲೆ ಸಿಟ್ಟಾಗುವುದು ಎಳಸುತನ. ಯಾವ ಮಾತಿಗೆ ಎದ್ದರೆಂದು ನೋಡಿಕೊಂಡರೆ ಗಡಿಗೆ ಎಲ್ಲಿ ಸೀಳಿದೆಯೆಂದು ತಿಳಿಯುತ್ತದೆ. ಹೊಗಳಿದವನಿಗಿಂತ ಪಕ್ಕದ ಮನೆಯವನನ್ನು ಕೈ ಹಿಡಿದು ಕರೆತಂದವನು ದೊಡ್ಡವನು, ಅವನ ಮುಖ ನೆನಪಿಟ್ಟುಕೊ. ಇನ್ನು ಅಳು ಬರುವ ಜಾಗದಲ್ಲಿ ನೀನು ಅಳಬೇಡ. ಬಡಿಸುವವಳೇ ಉಂಡುಬಿಟ್ಟರೆ ಎಲೆಯ ಮುಂದೆ ಕೂತವರ ಗತಿ? ಹೆಪ್ಪೂ ಅಷ್ಟೇ, ಚಿಟಿಕೆ ದಾಟಿದರೆ ಹುಳಿ ಅಂದ.

"ಚಿಟಿಕೆ ಚಿಟಿಕೆ ಅಂದ್ರೂ ಒಂದಿನ ಮುಗೀಬೇಕಲ್ಲ, ಸಾವ್ಕಾರ್ರೇ," ಅಂದಳು ಅವಳು. "ಇಷ್ಟು ವರ್ಷ ಆದ್ರೂ ನಿಮ್ದು ಹೆಂಗೆ ಮುಗ್ದಿಲ್ಲ?"

ಅವನು ತಕ್ಕಡಿ ಒರೆಸುವ ಬಟ್ಟೆಯಿಂದ ಕರಿಕಲ್ಲನ್ನು ಒರೆಸಿದ. ಹುಡುಕುವವರಿಗೆ ಒಳಗೆ ಸಿಗುತ್ತಲೇ ಇರುತ್ತದೆ ಅಂದ. ಎಲ್ಲವನ್ನೂ ಕಲಿಸಿದವನು ಅದೊಂದನ್ನು ಮಾತ್ರ ಸುಳ್ಳು ಕಲಿಸಿದ.

ಉಪ್ಪಿನವಳು ತನ್ನ ಮೊದಲ ಕಥೆಗೆ ನೀರಿನ ಭಯವನ್ನು ಹೆಪ್ಪು ಹಾಕಿದಳು. ಕಡಲು ಏರುವ ಸದ್ದಿಗೆ ಚಿಕ್ಕಂದಿನಿಂದ ಅವಳ ಹೊಟ್ಟೆಯೊಳಗೆ ಏಳುತ್ತಿದ್ದ ನಡುಕ. ಕಥೆ ಗಟ್ಟಿಯಾಗಿ ಬಂತು. ಕೇಳಿದವರು ಅಂದು ಬಾವಿಯ ಹತ್ತಿರ ಹೋಗಲೂ ಹಿಂಜರಿದರು. ಅವಳು ಮಾತ್ರ ಹತ್ತಿಯ ಹಾಗೆ ಹಗುರಾಗಿದ್ದಳು. ಏನು ಹಾಕಿದೆನೋ ಈಗ ನನಗೇ ನೆನಪಿಲ್ಲ, ಆದರೆ ಮೈಮೇಲಿಂದ ಚೀಲ ಇಳಿಸಿದ ಹಾಗಿದೆ ಎಂದು ಪೇಟೆಯ ತುಂಬ ಹೇಳಿಕೊಂಡು ಓಡಾಡಿದಳು. ಅವನು ಅದನ್ನು ಕೇಳಿಸಿಕೊಂಡ. ಕಳೆದರೆ ಲಾಭವಾಗುವ ಸರಕೂ ಇದೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ಅಷ್ಟರಲ್ಲಿ ಅವ್ವ ಬಂದಳು.

ವರ್ಷಕ್ಕೊಮ್ಮೆ ಮಗಳನ್ನು ನೋಡಲು ಬರುವ ವಾಡಿಕೆ. ಮಗಳ ಕಷಾಯಕ್ಕೆಂದು ಮಜ್ಜಿಗೆ ಹುಲ್ಲಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಪೇಟೆಯ ನಡುವೆ ನಡೆದು ಬಂದಳು. ಹಿಂದೆಲ್ಲ ಬಂದಾಗ ಅವಳು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಈಗ ಎಲ್ಲರಿಗೂ ಗೊತ್ತಿದ್ದಳು. ಅಗೋ ಅವ್ವ ಬಂದಳು ಅಂದರು. ಹೊರೆಗೇ ಕಾಲು ಬಂದ ಹಾಗಿದೆ ನೋಡು ಅಂದರು. ಮುದುಕರೂ ಮೊಮ್ಮಕ್ಕಳೂ ಸಾಲಾಗಿ ಬಂದು ಒಂದೊಂದು ಎಸಳು ಎಳೆದರು. ಎಳೆದವರ ಕಣ್ಣು ತುಂಬಿತು. ಇದೇನು ಮರ್ಯಾದೆ ಈ ಊರಲ್ಲಿ ಎಂದು ಅವ್ವನಿಗೆ ಆಶ್ಚರ್ಯ. ಮಗಳ ಮನೆ ಮುಟ್ಟುವಷ್ಟರಲ್ಲಿ ಹೊರೆ ಸೊರಗಿತ್ತು.

ಬಾಗಿಲಲ್ಲಿ ಅವ್ವ ಮಂಡಿ ಬಗ್ಗಿಸಿ ನಿಂತಳು.

ಅಂಗಡಿಯಿಂದ ಹಿಂದೆಯೇ ಓಡಿಬಂದಿದ್ದ ಅಳಿಯ ಅಂಗಳದಲ್ಲಿ ನಿಂತುಬಿಟ್ಟ.

ಮಗಳು ಹೊರಗೆ ಬಂದು ನೋಡಿದಳು. ಬಗ್ಗಿದ ಮಂಡಿಯನ್ನು ನೋಡಿದಳು. ಸುಸ್ತಾಗಿರಬೇಕು ಅಂದುಕೊಂಡಳು.

"ಯಾರ ಮನೆಗೆ ಬಂದ್ರಿ ಅಜ್ಜೀ? ಹೊರೆ ಇಳಿಸ್ಕೊಳ್ಳಾ?"

ಅವ್ವನ ಮುಖ ಹೊರೆಯ ಕೆಳಗಿತ್ತು, ಕಾಣಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿ ನಿಂತಿದ್ದಳು. ಆಮೇಲೆ, ಹ್ಞೂಂ ತಾಯಿ, ಇಳಿಸ್ಕೋ ಅಂದಳು.

ಮಗಳು ಅಚ್ಚುಕಟ್ಟಾಗಿ ಎರಡೂ ಕೈಯಿಂದ ಹೊರೆ ಇಳಿಸಿದಳು, ನೀರು ಕೊಟ್ಟಳು, ಚಾಪೆ ಹಾಸಿದಳು. ಒಬ್ಬ ಅಪರಿಚಿತ ಮುದುಕಿಗೆ ಮಾಡಬೇಕಾದದ್ದರಲ್ಲಿ ಒಂದೂ ಕಡಿಮೆಯಾಗಲಿಲ್ಲ. ಅವಳು ಒಲೆಯ ಕಡೆ ಹೋದಾಗ ಅಳಿಯ ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ. ಏನಾಯಿತೆಂದು ಅವ್ವ ಕೇಳಲಿಲ್ಲ, ಅಳಿಯನ ದಂಧೆಯ ರೀತಿ ಅವಳಿಗೆ ಗೊತ್ತಿತ್ತು. ಪೇಟೆಯಲ್ಲಿ ಕಂಡದ್ದನ್ನೂ ಬಾಗಿಲಲ್ಲಿ ಕಂಡದ್ದನ್ನೂ ಒಟ್ಟಿಗಿಟ್ಟು ತೂಗಿದ್ದಳು.

"ಎಷ್ಟು ಜನ ಕೇಳಿದ್ರು?" ಅಂದಳು.

"ಸಂತೆಗೆ ಸಂತೆಯೇ, ಅತ್ತೆ."

"ಚೆನ್ನಾಗಿತ್ತಾ?"

ಅವನು ತಲೆ ತಗ್ಗಿಸಿದ. ಚೆನ್ನಾಗಿತ್ತು. ಅದೇ ಅವನನ್ನು ಸುಡುತ್ತಿದ್ದದ್ದು.

ಎಲ್ಲವನ್ನೂ ಅವಳಿಗೆ ಹೇಳಿಬಿಡುತ್ತೇನೆ, ಕಾಲಿಗೆ ಬೀಳುತ್ತೇನೆ ಅಂದ. ಇಷ್ಟು ವರ್ಷ ಅಳಿಯಂದಿರೇ ಎಂದು ಬಹುವಚನದಲ್ಲಿ ಕರೆಯುತ್ತಿದ್ದ ಅವ್ವ ಆಗ ಮೊದಲ ಸಲ ಏಕವಚನಕ್ಕಿಳಿದಳು.

"ಹೇಳಿದ್ರೆ ಅವಳ ಕಿವೀಲಿ ನಿಲ್ಲೋದಿಲ್ಲ. ನಿನ್ನ ಎದೆ ಹಗುರ ಆಗುತ್ತೆ, ಅಷ್ಟೆ. ಆ ಲಾಭ ನಿನಗೆ ಬೇಡ."

ಅವ್ವ ಹೋಗಲಿಲ್ಲ. ದಾರಿ ತಪ್ಪಿದ ಮುದುಕಿ, ನಾಲ್ಕು ದಿನ ಜಾಗ ಕೊಡಿ ಎಂದು ಮಗಳನ್ನೇ ಕೇಳಿದಳು. ಮಗಳು ಹೂಂ ಅಂದಳು. ನಾಲ್ಕು ದಿನ ಬೆಳೆಯಿತು. ಅಜ್ಜಿ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆಂದು ಮಗಳ ದೂರು. ಈ ಮನೆಯವಳಿಗೆ ಒಲೆ ಹಚ್ಚಲು ಬಾರದೆಂದು ಅಜ್ಜಿಯ ದೂರು. ನಿಮ್ಮ ಗೊರಕೆಗೆ ಹೆದರಿ ಬೆಕ್ಕು ಮನೆ ಬಿಟ್ಟಿತು ಎಂದು ಇವಳು, ಬೆಕ್ಕು ಹೋದದ್ದು ನಿನ್ನ ಅಡುಗೆಗೆ ಎಂದು ಅವಳು. ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಮಗಳ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಮಗಳು ಕಣ್ಣು ಮುಚ್ಚಿಕೊಂಡು, ಅಜ್ಜೀ, ನಿಮಗೆ ಮಕ್ಕಳಿಲ್ವಾ ಎಂದು ಕೇಳಿದಳು. ಒಬ್ಬಳಿದ್ದಾಳೆ ಅಂದಳು ಅವ್ವ. ನೋಡೋಕೆ ಬರಲ್ವಾ? ಬರ್ತಾಳೆ, ನಿಧಾನ ಮಾಡ್ತಿದ್ದಾಳೆ ಅಂದಳು. ಅಂಥ ಮಗಳಿಗೆ ಬಯ್ಯಬೇಕು ನೀವು ಅಂದಳು ಮಗಳು. ಅವ್ವ ಅವಳ ನೆತ್ತಿಗೆ ಪಟ್ಟನೆ ಒಂದು ಬಡಿದು, ಬೈದೆ, ಸಾಕಾ ಅಂದಳು. ಇಬ್ಬರೂ ನಕ್ಕರು.

ಅಳಿಯ ಗೋಡೆಯ ಮರೆಯಿಂದ ಇದನ್ನು ನೋಡಿದ. ಅವನ ಬೆರಳು ಚುರುಗುಟ್ಟಿತು.

ಅಂಥ ಹೆಪ್ಪನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅಂಗಡಿಗೆ ಬೇಕೂ ಆಗಿತ್ತು; ಹೊಸ ಕಥೆಗಾಗಿ ಜನ ದಿನವೂ ಬಂದು ಬರಿಗೈಲಿ ಹೋಗುತ್ತಿದ್ದರು. ಅವನಿಗೇ ತಿಳಿಯದೆ ಗಡಿಗೆ ಕೈಗೆ ಬಂದಿತ್ತು, ಅದರ ಬಾಯಿ ಅವನ ತುಟಿಯ ಹತ್ತಿರವಿತ್ತು. ಆಗ ಎದೆಯ ನಡುವಿನ ಗಂಟು ಎಷ್ಟು ಬಿಗಿಯಿತೆಂದರೆ ಉಸಿರೇ ಹೊರಡಲಿಲ್ಲ. ಉಸಿರಿಲ್ಲದೆ ಪಿಸುಗುಟ್ಟುವುದು ಹೇಗೆ? ಗಡಿಗೆಯನ್ನು ಕೆಳಗಿಟ್ಟ.

ಆಮೇಲೆ ಅವನ ವ್ಯಾಪಾರಿ ಬುದ್ಧಿ ಕೆಲಸ ಮಾಡಿತು. ಖಾಲಿ, ಖಾಲಿ ಎಂದು ಅಳುತ್ತಿದ್ದೆನಲ್ಲ, ಇದೊಂದು ಇದೆಯಲ್ಲ ನನ್ನ ಹತ್ತಿರ, ಈ ಗಂಟು. ಯಾರಿಂದಲೂ ಕದ್ದದ್ದಲ್ಲ, ಅಪ್ಪಟ ನನ್ನದೇ. ಉಪ್ಪಿನವಳು ಭಯ ಕೊಟ್ಟು ಹಗುರಾಗಲಿಲ್ಲವೇ? ಒಂದೇ ಏಟಿಗೆ ಎರಡು ಲಾಭ. ಅಂದೇ ಸಂಜೆ ಬೇಲಿಯಾಚೆ ಕಾಲಿಡದ ಒಬ್ಬ ಕಳ್ಳನ ಕಥೆಯನ್ನು ಗಡಿಗೆಗೆ ಪಿಸುಗುಟ್ಟಿ, ತನ್ನ ತಪ್ಪಿನ ಭಾರವನ್ನು ಹೆಪ್ಪು ಹಾಕಿದ. ಬೆಳಿಗ್ಗೆ ಬಟ್ಟೆ ಸರಿಸಿದರೆ, ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ.

ಜನ ಕಿಕ್ಕಿರಿದು ಕೂತಿದ್ದರು. ಅವನು ಕರಿಕಲ್ಲಿನ ಮೇಲೆ ಅಂಗೈಯಿಟ್ಟ. ಬಹಳ ಕಾಲದ ಮೇಲೆ ನಿಜ ಹೇಳಲು ಹೊರಟಿದ್ದ.

ಅಷ್ಟರಲ್ಲಿ ಜನರ ಹಿಂದೆ ಗುಲ್ಲೆದ್ದಿತು. ಉಪ್ಪಿನವಳು ಬಂದಿದ್ದಳು, ಕತ್ತಿನವರೆಗೆ ಒದ್ದೆ. ಬುಟ್ಟಿಯಿಲ್ಲ, ಒಂದು ಕಾಲು ಎಳೆಯುತ್ತಿದ್ದಳು. ಅಂದು ಬೆಳಗಿನ ಜಾವ ಕಡಲು ಏರಿ ಆಗರವನ್ನು ನುಂಗಿತ್ತು. ಅವಳನ್ನು ಯಾರೋ ಜುಟ್ಟು ಹಿಡಿದು ಎಳೆದು ಹಾಕಿದ್ದರಂತೆ. ಏನಾಯಿತೆಂದು ಕೇಳಿದರೆ ತಮಾಷೆ ಹೇಳುವವಳ ಹಾಗೆ ಹೇಳಿದಳು.

"ನೀರು ಬಂತು, ಸಾವ್ಕಾರ್ರೇ. ಎಲ್ರೂ ಓಡಿದ್ರು. ಯಾಕೆ ಓಡ್ತಾರಪ್ಪಾ ಇವ್ರು ಅಂತ ನೋಡ್ತಾ ನಿಂತೆ."

ಜನ ನಕ್ಕರು. ಅವನು ನಗಲಿಲ್ಲ. ಅವನಿಗೆ ಹಿತ್ತಲು ಕಂಡಿತು. ನಾಳೆ ಮಧ್ಯಾಹ್ನದ ಹಿತ್ತಲು: ಒಬ್ಬಳು ಎಣ್ಣೆ ತಿಕ್ಕುತ್ತಿರುವುದು, ಒಬ್ಬಳು ಕಣ್ಣು ಮುಚ್ಚಿರುವುದು, ಗೋಡೆಯ ಮರೆಯಲ್ಲಿ ತಾನು, ಕೈಯಲ್ಲಿ ಗಡಿಗೆ. ಉಸಿರು ಸರಾಗವಾಗಿ ಬರುತ್ತಿರುವುದು. ಯಾವ ಅಡ್ಡಿಯೂ ಇಲ್ಲದಿರುವುದು.

ಅಂಗೈಯನ್ನು ಕಲ್ಲಿನಿಂದ ತೆಗೆದ. ಇವತ್ತು ಕಥೆಯಿಲ್ಲ ಅಂದ.

ಗಡಿಗೆ ತುಂಬ ಇದೆಯಲ್ಲ, ನಮ್ಮನ್ನೇನು ಕುರುಡರೆಂದುಕೊಂಡೆಯಾ ಎಂದು ಮುಂದಿನ ಸಾಲಿನವರು ಗದರಿದರು. ಇದೆ, ಮಾರುವುದಲ್ಲ ಅಂದ. ಮಾರದವನು ಅಂಗಡಿ ಯಾಕೆ ತೆಗೆದೆ ಎಂದು ಒಬ್ಬ. ದುಡ್ಡಿನವನ ಕೊಬ್ಬು ಎಂದು ಇನ್ನೊಬ್ಬ. ಒಬ್ಬೊಬ್ಬರಾಗಿ ಎದ್ದರು. ಪಳಗಿದ ಕಾಲುಗಳು ಬೇರೆ ಮೂಲೆಗೆ ತಿರುಗಿದವು. ತಿರುಗಿದ ಕಾಲನ್ನು ಮತ್ತೆ ಪಳಗಿಸುವುದು ಎಷ್ಟು ಕಷ್ಟವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಪೇಟೆಯಲ್ಲಿರಲಿಲ್ಲ.

ಕೊನೆಗೆ ಉಪ್ಪಿನವಳೊಬ್ಬಳೇ ಉಳಿದಳು. ಅವಳಿಗೆ ತನ್ನ ಹೆಗಲ ವಸ್ತ್ರ ಕೊಟ್ಟು, ಅವತ್ತು ನೀನು ಕೇಳಿದ್ದಕ್ಕೆ ಸುಳ್ಳು ಹೇಳಿದೆ ಅಂದ. ನನ್ನದು ಎಂದೋ ಮುಗಿದಿತ್ತು, ಆಮೇಲಿನದು ಮನೆಯವಳದ್ದು ಅಂದ. ಅವಳ ನಗು ನಿಂತಿತು.

"ಈಗ ಗಡಿಗೇಲಿ ಇರೋದು?"

"ಅದು ನನ್ನದೇ. ಎಲ್ಲ ಹಾಕು, ಕಾವಲಿಗೆ ಕೂತದ್ದನ್ನ ಮಾತ್ರ ಹೆಪ್ಪಿಗೆ ಹಾಕಬೇಡ ಕಣಮ್ಮ. ನಿನಗೆ ಇದನ್ನ ಮೊದಲೇ ಹೇಳಬೇಕಿತ್ತು."

ಅವಳು ವಸ್ತ್ರವನ್ನು ಅಲ್ಲೇ ಕಲ್ಲಿನ ಮೇಲಿಟ್ಟು, ಒದ್ದೆ ಮೈಯಲ್ಲೇ ಎದ್ದು ಹೋದಳು. ಅವನು ಆಗರದವರನ್ನು ಕಂಡು, ಇನ್ನು ಮುಂದೆ ನೀರು ಏರುವ ಹೊತ್ತಿಗೆ ಅವಳ ಕೈ ಹಿಡಿದು ಎಳೆದುಕೊಂಡು ಬನ್ನಿ, ಅವಳು ಬೈದರೂ ಬಿಡಬೇಡಿ ಎಂದು ಬೇಡಿಕೊಂಡ. ಗಡಿಗೆಯನ್ನು ಕಡಲಂಚಿಗೆ ಒಯ್ದು, ಯಾರೂ ಕೇಳದ ಜಾಗದಲ್ಲಿ, ಹೇಳದೆಯೇ ನೀರಿಗೆ ಬಿಟ್ಟ.

ಸಂಜೆ ಮನೆಗೆ ಬಂದಾಗ ಹೆಂಡತಿ ಎಲೆ ಹಾಕಿದಳು. ವ್ಯಾಪಾರ ಹೇಗಾಯಿತೆಂದು ಕೇಳಿದಳು. ಆಗಲಿಲ್ಲ ಅಂದ. ನಾಳೆ ಆಗುತ್ತೆ ಬಿಡಿ ಅಂದಳು. ಮತ್ತೆ, ದನಿ ತಗ್ಗಿಸಿ, ಒಂದು ಮಾತು ಕೇಳುವುದಿದೆ ಅಂದಳು.

"ಅಜ್ಜೀನ ಇಲ್ಲೇ ಇಟ್ಕೊಳ್ಳೋಣ ಅಂದ್ರೆ. ಅವರಿಗೆ ಯಾರೂ ಇದ್ದಂಗಿಲ್ಲ. ನೀವು ಬೇಡ ಅನ್ನದೆ ಇಷ್ಟು ದಿನ ಇರಿಸ್ಕೊಂಡ್ರಲ್ಲ, ಬೇರೆಯವರಾಗಿದ್ರೆ ಇರಿಸ್ಕೊತಿರ್ಲಿಲ್ಲ. ದೊಡ್ಡ ಮನಸ್ಸು ನಿಮ್ದು."

ಅವ್ವ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಅಳಿಯನ ಮುಖ ನೋಡಲಿಲ್ಲ, ಬಡಿಸಿದಳು. ಉಪ್ಪು ಜಾಸ್ತಿಯಿತ್ತು. ಅವನು ಉಂಡ. ತುತ್ತು ಇಳಿಯುವಾಗ, ಸಂತೆಯಿಂದ ಬಂದವನು ಸೊಂಟದ ಗಂಟನ್ನು ತಡವಿ ನೋಡಿಕೊಳ್ಳುವ ಹಾಗೆ, ಎಡಗೈಯಿಂದ ಎದೆಯ ನಡುವೆ ತಡವಿಕೊಂಡ.

ಇತ್ತು.